ಬದುಕಿರುವವಳ ಸೂತಕ

ಗಂಗಕ್ಕ ಸತ್ತಿರಲಿಲ್ಲ, ನಿಧಿ. ಎರಡು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು. ಧಾರವಾಡದಲ್ಲಿ ನನ್ನ ದೊಡ್ಡವ್ವನ ಮಗಳು ಇವತ್ತಿಗೂ ಎರಡು ಹೊತ್ತು ಕಟಿರೊಟ್ಟಿ ಕಡಿದು ತಿನ್ನುತ್ತಾಳೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ನಾನು ಬಾಗಿಲು ಹಾಕಿಕೊಂಡು ಮಾತಾಡುತ್ತೇನೆ. "ಯಾಕ ಪಿಸುಪಿಸು ಅಂತೀ? ಸೊಸಿ ಬೈತಾಳೇನ?" ಎಂದು ನಗುತ್ತಾಳೆ. ತಾನು ಸತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿಲ್ಲ.

ಅವಳನ್ನು ಸಾಯಿಸಿದ್ದು ನೀನು ಸ್ಟೇಜ್ ಹತ್ತಬಾರದೆಂದು.

ಆ ಶನಿವಾರ ನಿಮ್ಮ ಬ್ಯಾಂಡಿನ ಮೊದಲ ಪ್ರೋಗ್ರಾಂ. ಅದಕ್ಕೆ ಮನೆಯಲ್ಲೇ ಪ್ರಾಕ್ಟೀಸ್. ನಿನ್ನ ಗೆಳತಿ ಲೂಸ್ — ಕೊಲಂಬಿಯಾದ ಕಡಲ ದಂಡೆಯವಳು, ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಕಟ್ಟಿ ತಂದಿದ್ದರಂತೆ — ಲಂಡನ್ನಿನ ಕೆಂಟನ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಡೋಲನ್ನು ಮೊಣಕಾಲ ನಡುವೆ ಹಿಡಿದು ಬರಿಗೈಯಲ್ಲಿ ಬಾರಿಸುತ್ತಿದ್ದಳು. ಅದಕ್ಕೆ ಲ್ಯಾಪ್‌ಟಾಪಿನಿಂದ ಜಮೈಕಾದ ಬೇಸು, ಲಾಗೋಸಿನ ಹೊಸ ಬೀಟು, ಮೇಲೆ ನಿನ್ನ ದನಿ. ಕಪಾಟಿನಲ್ಲಿ ಪಾತ್ರೆ ಕುಣಿಯುತ್ತಿದ್ದವು. ನನಗೆ ಹಿಡಿಸಲಿಲ್ಲ. ಕನ್ನಡದವರು ಏನಂದಾರು ಎನ್ನುವುದು ಒಂದು. ಇನ್ನೊಂದು — ಬರೆದೇಬಿಡುತ್ತೇನೆ — ಲೂಸ್‌ಳ ಬಣ್ಣ. ಅವಳು ಕುಡಿದ ಲೋಟವನ್ನು ನಾನು ಬೇರೆ ಇಡುತ್ತಿದ್ದೆ. ನೀನು ನೋಡಲಿಲ್ಲ. ಅವಳು ನೋಡಿದ್ದಳು.

ಬೈದರೆ ನೀನು ಕೇಳುವವಳಲ್ಲ. ಅದಕ್ಕೇ ಗುರುವಾರ ಬೆಳಿಗ್ಗೆ ಫೋನ್ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದೆ.

"ನಿಧೀ, ಧಾರವಾಡದ ಗಂಗಕ್ಕ ಹೋದ್ಳವಾ. ಹತ್ತು ದಿನ ಸೂತಕ. ಹಾಡಂಗಿಲ್ಲ, ಕುಣಿಯಂಗಿಲ್ಲ."

ನೀನು ಒಲೆ ಆರಿಸಿ ಬಂದು ನನ್ನನ್ನು ಅಪ್ಪಿಕೊಂಡೆ. "ಅಜ್ಜಿ, ಐ ಆ್ಯಮ್ ಸೋ ಸಾರಿ" ಅಂದೆ. ಪ್ರೋಗ್ರಾಮಿನ ಮಾತೇ ಎತ್ತಲಿಲ್ಲ.

ಗಂಗಕ್ಕ ನಿಜವಾಗಿ ಸತ್ತರೂ ನಿನಗೆ ಸೂತಕ ಇಲ್ಲ. ನನ್ನ ತವರಿನ ಬಳಗ, ಅದರಲ್ಲೂ ಮದುವೆಯಾಗಿ ಬೇರೆ ಮನೆ ಸೇರಿದವಳು — ನಿನಗೆ ಒಂದು ತಂಬಿಗೆ ನೀರಿನ ಸ್ನಾನವೂ ಬೇಕಿಲ್ಲ. ಆದರೆ ಲಂಡನ್ನಿನಲ್ಲಿ ಅದನ್ನು ಯಾರು ಬಲ್ಲರು? ನಿನ್ನ ಅಪ್ಪ ದೊಡ್ಡ ಡಾಕ್ಟರು; ಏಕಾದಶಿ ಯಾವತ್ತು ಎಂದು ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನೇ ಕೇಳುತ್ತಾನೆ. ಈ ಮನೆಗೆ ನಾನೇ ಪಂಚಾಂಗ. ಪಂಚಾಂಗವೇ ಸುಳ್ಳು ಹೇಳಿತು.

ಶನಿವಾರ ಲೂಸ್ ಒಬ್ಬಳೇ ಹಾಡಿದಳು. ನೀನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನಾನು ಹೊರಗೆ ನಿಂತು ಕೇಳಿದೆ. ಬಾಗಿಲು ತಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಲೂಸ್ ಬಂದಳು — ಡೋಲು ಹೊತ್ತುಕೊಂಡು, ತನ್ನ ಅವ್ವನನ್ನು ಕರೆದುಕೊಂಡು. ಅವರ ದಂಡೆಯಲ್ಲಿ ಸಾವು ಬಂದರೆ ಹಾಡು ನಿಲ್ಲಿಸುವುದಿಲ್ಲವಂತೆ. ಸಾವಿನ ಮನೆಗೆ ಹೋಗಿ ಡೋಲು ಬಾರಿಸಿ, ಹಾಡಿ, ಸತ್ತವರನ್ನು ಕಳಿಸಿಕೊಡುತ್ತಾರಂತೆ. ಆ ಹೆಂಗಸು ನನ್ನ ಕೈ ಹಿಡಿದು ಏನೋ ಕೇಳಿದಳು.

"ತೀರಿಹೋದವರ ಹೆಸರೇನು ಅಂತ ಕೇಳ್ತಾರ, ಅಜ್ಜಿ" ಅಂದೆ ನೀನು.

"ಗಂಗಾ" ಅಂದೆ ನಾನು.

ಅವಳು ಕಣ್ಣು ಮುಚ್ಚಿ "ಗಂಗಾ" ಎಂದು ರಾಗ ಎಳೆದಳು. ಲೂಸ್ ಮರುದನಿ ಕೊಟ್ಟಳು. ಬದುಕಿರುವ ಹೆಂಗಸಿನ ಹೆಸರು, ಎರಡು ಬಸ್ಸು ಬದಲಿಸಿ ಬಂದವರ ಬಾಯಲ್ಲಿ! ಸುಮ್ಮನೆ ಕೂತರೆ ಅನುಮಾನ ಬಂದೀತು. ನಮ್ಮ ಕಡೆ ಹೆಂಗಸರು ಹಾಡ್ಯಾಡಿಕೊಂಡು ಅಳುವ ಹಾಗೆ ನಾನೂ ಶುರುಮಾಡಿದೆ — "ಎಲ್ಲಿ ಹೋದ್ಯವ್ವಾ, ಯಾರಿಗೆ ಬಿಟ್ಟು ಹೋದ್ಯವ್ವಾ" — ಬರೀ ನಾಟಕ. ನಾಲ್ಕನೇ ಸಾಲಿಗೆ ಅದು ನಾಟಕವಾಗಿ ಉಳಿಯಲಿಲ್ಲ. ನಿನ್ನ ಅಜ್ಜ ಇದೇ ಊರಿನ ಆಸ್ಪತ್ರೆಯಲ್ಲಿ ಹೋದಾಗ, ಪಕ್ಕದ ಹಾಸಿಗೆಯವರಿಗೆ ತೊಂದರೆಯೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಆ ದನಿ ಅವತ್ತು ಹೊರಗೆ ಬಂತು. ಲೂಸ್‌ಳ ಅವ್ವ ನನ್ನ ಒಂದೊಂದು ಸಾಲನ್ನೂ ಎತ್ತಿ ಹಿಡಿದಳು. ಭಾಷೆ ಗೊತ್ತಿಲ್ಲ, ತಾಳ ತಪ್ಪಲಿಲ್ಲ. ಅವರು ಹೋದ ಮೇಲೆ ಲೋಟಗಳನ್ನೆಲ್ಲ ಒಟ್ಟಿಗೇ ತೊಳೆದೆ. ಅದಕ್ಕೆ ಹೊಗಳಿಕೆ ಬೇಡ.

ನೀನು ಅದನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅದೇ ನಿಮ್ಮ ದೊಡ್ಡ ಹಾಡಾಯಿತು.

ಮೊನ್ನೆ ಬ್ರಿಕ್ಸ್‌ಟನ್‌ನ ನಿಮ್ಮ ಪ್ರೋಗ್ರಾಮಿನಲ್ಲಿ — ಅಬ್ಬಾ! ಡೋಲು ಎದ್ದಿತು, ಬೇಸು ನೆಲದಿಂದ ನನ್ನ ಮೊಣಕಾಲಿಗೆ ಹತ್ತಿತು, ಸ್ಪೀಕರಿನಲ್ಲಿ ನನ್ನದೇ ದನಿ. ಕೊಲಂಬಿಯಾದವರು, ಜಮೈಕಾದವರು, ಇಲ್ಫರ್ಡಿನಿಂದ ಬಂದ ನಮ್ಮ ಕನ್ನಡದವರು — ಇಡೀ ಹಾಲ್ "ಎಲ್ಲಿ ಹೋದ್ಯವ್ವಾ" ಎಂದು ಕೂಗುತ್ತ ಕುಣಿಯಿತು. "ಇದೇನ್ ಹಾಡವಾ, ತಿಥಿ ಮನ್ಯಾಗ ಡಿಸ್ಕೋ?" ಎಂದು ಮೂಗು ಮುರಿದಿದ್ದ ಪಕ್ಕದ ಬೀದಿಯ ಸುಮಿತ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಕುಣಿದಳು. ಗೆದ್ದೆ ನೀನು. ನಾನು ಅಡ್ಡ ಬಿದ್ದರೂ ದಾಟಿ ಹೋಗಿ ಗೆದ್ದೆ. ಆಗ ನನ್ನನ್ನು ಸ್ಟೇಜಿಗೆ ಕರೆದು, ಈ ಹಾಡು ಅಜ್ಜಿಯ ತೀರಿಹೋದ ಅಕ್ಕನಿಗೆ ಎಂದೆ. ಹಾಲ್ ಎದ್ದು ನಿಂತಿತು. ನಾನು ಕೈ ಮುಗಿದೆ. ಖುಷಿಯಿಂದಲೇ ಮುಗಿದೆ — ಅದು ಎರಡನೇ ಸುಳ್ಳು.

ಈಗ ರೆಕಾರ್ಡಿನ ಕವರಿನ ಮೇಲೆ 'ಗಂಗಕ್ಕನ ನೆನಪಿಗೆ' ಎಂದು ಅಚ್ಚು ಹಾಕಿಸುತ್ತೀರಂತೆ. ಹಾಕಿಸಬೇಡ.

ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ನೀನು ಅಂದೀಯ. ನೀನು ಅಂಥವಳೇ. ಅನ್ನಬೇಡ. ಹಾಡು ಕಟ್ಟಿದವರು ನೀವು. ನಾನು ಮಾಡಿದ್ದು ನಿನ್ನ ಮೊದಲ ಸ್ಟೇಜು ಕಸಿದದ್ದು, ಅಷ್ಟೇ. ಎಷ್ಟು ಹಾಲ್ ಎದ್ದು ನಿಂತರೂ ಆ ಶನಿವಾರ —

ನಿನಗೆ ಕನ್ನಡ ಓದಲು ಬರುವುದಿಲ್ಲ. ನಾಳೆ ಮಧ್ಯಾಹ್ನ ಲೂಸ್‌ಳನ್ನೂ ಅವಳ ಅವ್ವನನ್ನೂ ಕರೆಸು ಎಂದು ಈ ರಾತ್ರಿ ನಿನಗೆ ಬಾಯಲ್ಲೇ ಹೇಳುತ್ತೇನೆ. ಇದನ್ನು ನಾನೇ ಓದುತ್ತೇನೆ. ನೀನು ಇಂಗ್ಲಿಷಿನಲ್ಲಿ ಹೇಳು, ಲೂಸ್ ಅವ್ವನಿಗೆ ಅವರ ಭಾಷೆಯಲ್ಲಿ ಹೇಳಲಿ. ಒಂದು ಮಾತನ್ನೂ ಮೆತ್ತಗೆ ಮಾಡಬೇಡಿ. ಆಮೇಲೆ ನನ್ನ ದನಿ ಆ ಹಾಡಿನಲ್ಲಿ ಉಳಿಯಬೇಕೋ ಬೇಡವೋ, ನೀವು ಮೂವರೇ ಹೇಳಿ. ತೆಗೆದು ಹಾಕಿದರೂ ನಿಮ್ಮ ಪ್ರೋಗ್ರಾಮಿಗೆ ನಾನು ಬರುತ್ತೇನೆ — ಟಿಕೆಟ್ ತೆಗೆದುಕೊಂಡು, ಎಲ್ಲರ ಹಿಂದೆ ನಿಂತುಕೊಂಡು.