ಸೂರ್ಯನ ಬೆನ್ನು ಹತ್ತಿದ ಸಂಕಷ್ಟಿ

ಮುಂಬೈಯಿಂದ ಲಂಡನ್ನಿಗೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು. ಮಧ್ಯಾಹ್ನ ಎರಡಕ್ಕೆ ಹೊರಟು ಸಂಜೆ ಏಳಕ್ಕೆ ಇಳಿಯುತ್ತೇವೆಂದು ಟಿಕೆಟ್ಟಿನಲ್ಲಿತ್ತು. ಪುಣೆಯ ನಿಗಡಿಯ ನಮ್ಮ ಮನೆಯಲ್ಲಿ ಕೂತು ಅತ್ತೆ ಅದನ್ನು ಬೆರಳು ಮಡಚಿ ಎಣಿಸಿದರು. "ಐದ ತಾಸು. ಇಳದು ಮಗಳ ಮನಿ ಮುಟ್ಟೂದರಾಗ ಚಂದ್ರ ಬಂದಿರ್ತಾನ."

ಹೊರಡುವ ದಿನವೇ ಸಂಕಷ್ಟಿ. ನಮ್ಮಲ್ಲಿ ಹಿರಿಸೊಸೆ ಚಂದ್ರನನ್ನು ನೋಡುವವರೆಗೆ ನೀರೂ ಮುಟ್ಟುವಂತಿಲ್ಲ. ಆ ಹಿರಿಸೊಸೆ ನನ್ನ ನೆಗೆಣ್ಣಿ. ನಾನು ಅಕ್ಕ ಎಂದು ಕರೆಯುತ್ತೇನೆ. ಅವಳಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಇನ್ಸುಲಿನ್ ಬಿಡುವಂತಿಲ್ಲ; ಅದನ್ನು ತಗೊಂಡು ತಿನ್ನದಿದ್ದರೆ ಮೈಯ ಸಕ್ಕರೆ ಇಳಿದುಬಿಡುತ್ತದೆ. ಪುಣೆಯಲ್ಲಿ ಹೇಗೋ ಹಲ್ಲು ಕಚ್ಚಿ ರಾತ್ರಿಯವರೆಗೆ ತಳ್ಳುತ್ತಿದ್ದಳು.

"ಅಲ್ಲೀ ಗಡಿಯಾರ ಹಿಂದ ಅದಾವ್ರಿ, ಅತ್ತಿ. ವಿಮಾನದಾಗ ಹತ್ತ ತಾಸ ಇರ್ತೀವಿ. ಸೂರ್ಯನ ಬೆನ್ನ ಹತ್ತಿ ಹೋಗೂದು, ಕತ್ತಲ ಆಗೂದಿಲ್ಲ," ಎಂದೆ.

"ಇಂಜಿನಿಯರ್ ಬಾಯಿ ಚಂದ್ರಗೂ ಡ್ಯೂಟಿ ಹಚ್ಚಲಿಕ್ಕೆ ಹತ್ಯಾಳ," ಎಂದರು ಭಾವ, ಅಕ್ಕನ ಗಂಡ. ಅಕ್ಕನೂ ನಕ್ಕಳು.

ವಿಮಾನದಲ್ಲಿ ನಾನು ಕಿಟಕಿಯ ಬದಿ, ಅಕ್ಕ ನಡುವೆ, ಅತ್ತೆ ಈಚೆ. ಭಾವ ದಾರಿಯ ಆಚೆ ಕೂತು ಸಿನಿಮಾ ನೋಡುತ್ತಿದ್ದರು. ಊಟದ ತಟ್ಟೆ ಬಂದಾಗ ಅಕ್ಕನದನ್ನು ಅತ್ತೆಯೇ ವಾಪಸು ಕಳಿಸಿದರು. ಆಮೇಲೆ ಅಕ್ಕನ ಹಣೆ ಬೆವರಿತು. ಕೈ ನಡುಗತೊಡಗಿತು. ಹೊರಗೆ ಬಿಸಿಲು ಹಾಗೇ ನಿಂತಿತ್ತು. ನನ್ನ ಕೈಗಡಿಯಾರ ಇನ್ನೂ ಪುಣೆಯ ವೇಳೆ ತೋರಿಸುತ್ತಿತ್ತು, ರಾತ್ರಿ ಒಂಬತ್ತೂವರೆ.

"ಪುಣೆದಾಗ ಚಂದ್ರ ಹುಟ್ಟಿ ಆತ್ರಿ," ಎಂದೆ. "ಮಳಿಗಾಲದಾಗ ಕ್ಯಾಲೆಂಡರ್ ನೋಡೇ ಉಪವಾಸ ಬಿಡ್ತೀವಲ್ಲ. ಹಂಗ ತಿಳ್ಕೋರಿ."

"ಅದು ಮೋಡ. ಇಲ್ಲೆ ಕಣ್ಣ ಮುಂದ ಸೂರ್ಯ ಅದಾನ." ಅತ್ತೆ ದನಿ ಏರಿಸಲಿಲ್ಲ. "ಹೋದ ವರ್ಷ ಇಕಿ ಉಪವಾಸದ ನಡುವ ಬಾಯಿಗೆ ಹಾಕ್ಕೊಂಡಳು. ಬಸರ ನಿಂತಿತೇನು?"

ಅಕ್ಕ ತಲೆ ತಗ್ಗಿಸಿದಳು. ನಾನು ನನ್ನ ಜ್ಯೂಸಿನ ಲೋಟವನ್ನು ಅವಳ ಬಾಯಿಗೆ ಎತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಲೋಟ ಉರುಳಿತು. "ತಡೀರಿ, ಇನ್ನೇನ ಬಂತು ಊರು," ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ. ಅದೇ ಪರದೆಯ ಮೂಲೆಯಲ್ಲಿ ಇನ್ನೂ ಎರಡು ತಾಸಿನ ಹಾದಿ ತೋರಿಸುತ್ತಿತ್ತು.

ಅಕ್ಕ ಏನೋ ತೊದಲಿದಳು. ಕುಕ್ಕರ್ ಇಳಿಸಬೇಕು ಎಂದಳು. ಆಮೇಲೆ ಅವಳ ತಲೆ ನನ್ನ ಹೆಗಲ ಮೇಲೆ ಬಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ನಾನು ಕೂಗಿದೆ. ಗಗನಸಖಿ ಓಡಿ ಬಂದು ಅವಳನ್ನು ಓರೆಯಾಗಿಸಿ, ಗ್ಲೂಕೋಸಿನ ಪೇಸ್ಟನ್ನು ಬೆರಳಿನಿಂದ ಒಸಡಿಗೆ ತಿಕ್ಕಿದಳು. ಅತ್ತೆ ಎದ್ದು ದಾರಿ ಬಿಟ್ಟರು, ಅಷ್ಟೇ. ಎಷ್ಟು ಹೊತ್ತೋ, ನನಗೆ ಲೆಕ್ಕವಿಲ್ಲ. ಅಕ್ಕ ಕಣ್ಣು ತೆರೆದಳು. ನಮ್ಮ ಗುರುತು ಹಿಡಿದಳು, ನೇರ ಕೂತಳು. ಗಗನಸಖಿ ಸಕ್ಕರೆ ಕಲಸಿದ ಜ್ಯೂಸನ್ನು ನನ್ನ ಕೈಗೆ ಕೊಟ್ಟು, ಪೂರ್ತಿ ಕುಡಿಸಲೇಬೇಕು ಎಂದು ಹೇಳಿ, ಇನ್ನೊಂದು ತರಲು ಹೋದಳು.

ಮೊದಲ ಗುಟುಕು ಬಾಯಲ್ಲಿರುವಾಗಲೇ ಅಕ್ಕ ಕಿಟಕಿಯ ಬೆಳಕು ಕಂಡಳು. ಅತ್ತೆಯ ಕಡೆ ತಿರುಗಿದಳು. ಬಾಯಿ ತುಂಬಿತ್ತು, ಚಂದ್ರ ಬಂದನೇ ಎಂದು ಹುಬ್ಬಿನಲ್ಲೇ ಕೇಳಿದಳು.

"ಇನ್ನೂ ಇಲ್ಲ," ಎಂದರು ಅತ್ತೆ.

ಅಕ್ಕ ಉಗುಳಲು ಬಗ್ಗಿದಳು. ನಾನು ಅವಳ ಬಾಯಿಗೆ ಅಂಗೈ ಒತ್ತಿ, ಇನ್ನೊಂದು ಕೈಯಿಂದ ತಲೆ ಗಟ್ಟಿಯಾಗಿ ಹಿಡಿದೆ. ಅವಳು ಕಚ್ಚಿದಳು. ಗಂಟಲು ಆಡಿದ್ದು ಕಾಣುವವರೆಗೆ ನಾನು ಬಿಡಲಿಲ್ಲ. ಆಮೇಲೆ ಮತ್ತೆ ಲೋಟ ಎತ್ತಿದೆ, ಮತ್ತೆ ಒತ್ತಿ ಹಿಡಿದೆ. ಅವಳ ಕಣ್ಣಿನ ನೀರು ನನ್ನ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಲೋಟ ಖಾಲಿಯಾಗುವ ತನಕ ಹಾಗೆಯೇ ಮಾಡಿದೆ.