ನಾರ್ಮಲಮ್ಮನ ರಕ್ತ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ನಾರ್ಮಲಮ್ಮ ಎಂದೇ ಕರೆಯುತ್ತಿದ್ದರು. ರೋಗಿಯ ರಕ್ತದ ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರೊಬ್ಬರ 'ನಾರ್ಮಲ್' ರಕ್ತ ಬೇಕಲ್ಲ, ಊರೆಲ್ಲ ಹುಡುಕುವ ಬದಲು ಅಲ್ಲೇ ಪರೀಕ್ಷೆ ಮಾಡುವ ಈಕೆ ತನ್ನ ತೋಳನ್ನೇ ಕೊಡುತ್ತಿದ್ದಳು. "ಗುಂಡುಕಲ್ಲಿನ ಹಾಗಿದೀನಿ, ತಗೊಳ್ಳಿ," ಎನ್ನುವಳು. ಬಾಯಿ ಜೋರು, ಕೈ ಮಾತ್ರ ಹೂವಿನಂಥದ್ದು.

ಆ ದಿನ ಪಕ್ಕದ ಟ್ಯೂಬಿನಲ್ಲಿದ್ದದ್ದು ಅವಳ ಮಗಳ ಕೂಸಿನ ರಕ್ತ. ಪಾಪ, ಆ ಕೂಸಿಗೆ ಒಂದು ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಬಿಳಿ ರಕ್ತಕಣ ರೋಗಾಣುವನ್ನು ಹಿಡಿದರೆ ಸಾಲದು, ನುಂಗಬೇಕು. ಹಿಡಿದ ಸುದ್ದಿಯನ್ನು ಕಣದೊಳಗಿನ ರಾಸಾಯನಿಕಗಳು ಒಂದರಿಂದ ಒಂದಕ್ಕೆ ದಾಟಿಸಿ 'ನುಂಗು' ಎಂದು ಅಪ್ಪಣೆ ಕೊಟ್ಟರೇನೇ ಅದು ಮೈಚಾಚಿ ಒಳಗೆಳೆದುಕೊಳ್ಳುವುದು. ಕೂಸಿನಲ್ಲಿ ಆ ಅಪ್ಪಣೆಯೇ ಎಲ್ಲೋ ತಪ್ಪಿಹೋಗುತ್ತಿದೆ ಎಂಬುದು ಡಾಕ್ಟರ ಅನುಮಾನ.

ಎರಡೂ ರಕ್ತಕ್ಕೆ ರೋಗಾಣುವಿನ ಬದಲು ಕೆಂಪು ಬಣ್ಣ ಹಾಕಿದ ಯೀಸ್ಟ್ ಬೆರೆಸಿ, ಕಾದು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕೂಸಿನ ಕಣಗಳ ಹೊರಗೆ ಯೀಸ್ಟ್ ಅಂಟಿಕೊಂಡಿತ್ತು, ಒಳಗೆ ಒಂದೂ ಇರಲಿಲ್ಲ. ತನ್ನದನ್ನು ನೋಡಿದಳು. ಅದೂ ಹಾಗೆಯೇ! ಹೆದರುವವರ ಮೇಲೆ ಹಾವು ಎಸೆದಂತಾಯಿತು. ಈ ದರಿದ್ರ ನನ್ನಿಂದಲೇ ಇಳಿದು ಬಂತೇ ಎಂದುಕೊಂಡಳು. ಇಷ್ಟು ವರ್ಷ ನೆಟ್ಟಗಿದ್ದ ರಕ್ತ ಒಂದೇ ದಿನಕ್ಕೆ ಕೆಡುತ್ತದೆಯೇ ಎಂದು ಯೋಚಿಸುವ ಬುದ್ಧಿಯಾದರೂ ಎಲ್ಲಿತ್ತು?

"ಟ್ಯೂಬುಗಳನ್ನ ಎಲ್ಲಿಟ್ಟಿದ್ರಿ ನಾರ್ಮಲಮ್ಮ?" ಎಂದಳು ಪಕ್ಕದ ಮೇಜಿನವಳು.

ಬೆಚ್ಚನೆಯ ನೀರಿನಲ್ಲಿಡಬೇಕಾದ್ದನ್ನು ಗಾಬರಿಯಲ್ಲಿ ಐಸಿನಲ್ಲಿಟ್ಟಿದ್ದಳು. ಆ ಚಳಿಗೆ ಯಾರ ಕಣವೂ ಹಿಡಿದೀತೇ ಹೊರತು ನುಂಗದು, ಒಳಗಿನ ಸುದ್ದಿ ಅಲ್ಲಲ್ಲೇ ನಿಂತುಬಿಡುತ್ತದೆ. ಹೊಸಬರಿಗೆ ಬೈದು ಬೈದು ತಾನೇ ಕಲಿಸಿದ ಪಾಠ ಅದು. ಹೋದ ಜೀವ ಬಂದಂತಾಗಿ, ತಲೆ ಚಚ್ಚಿಕೊಂಡು, ಮೊದಲಿನಿಂದ ಶುರು ಮಾಡಿದಳು. ಬೆಚ್ಚನೆಯ ನೀರಿನ ಪಕ್ಕದಲ್ಲೇ ಕಾವಲು ಕೂತಳು.

ಈ ಸಲ ಮೊದಲು ತನ್ನದನ್ನು ನೋಡಿದಳು. ಕಣಗಳು ಯೀಸ್ಟನ್ನು ಬಕಾಸುರನ ಹಾಗೆ ನುಂಗಿದ್ದವು. ಆಮೇಲೆ ಕೂಸಿನ ಸ್ಲೈಡ್ ಇಟ್ಟಳು. ಕೆಂಪು ಚುಕ್ಕೆಗಳೆಲ್ಲ ಹೊರಗೇ ಇದ್ದವು. ಒಂದಾದರೂ ಒಳಗಿರಲಿ ಎಂದು ಸ್ಲೈಡನ್ನು ಅತ್ತಿತ್ತ ಸರಿಸಿ ಸರಿಸಿ ಹುಡುಕಿದಳು. ತನ್ನ ಗಟ್ಟಿ ರಕ್ತದ ಮೇಲೆ ಅವಳಿಗೆ ಮೊದಲ ಸಲ ಅಸಹ್ಯವಾಯಿತು.

ಹೊರಗಿನ ಬೆಂಚಿನಲ್ಲಿ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು.

"ಏನಾಯ್ತಮ್ಮ?"

"ಡಾಕ್ಟರು ಹೇಳ್ತಾರೆ."

ಮಗಳು ತಾಯಿಯ ಮುಖವನ್ನೇ ನೋಡಿದಳು. "ಚೆನ್ನಾಗಿ ಬಂದಿದ್ರೆ ನೀನು ಡಾಕ್ಟರಿಗೆ ಕಾಯ್ತಿದ್ಯಾ?" ಎಂದು ಕೂಸನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು.