ಹನ್ನೆರಡನೆಯ ಲೈಬ್ರರಿ

ನನ್ನ ತಮ್ಮ ಆಳಂದದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಭೂಸನೂರ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕ್ ತಾಗಿ ತೀರಿಹೋದ. ಬೆನ್ನಿಗಿದ್ದ ಲ್ಯಾಪ್‌ಟಾಪೂ ಪುಡಿಯಾಯಿತು.

ಬಿಡುವಿನಲ್ಲಿ ಅವನು ಸದ್ದು ಕಟ್ಟುತ್ತಿದ್ದ. ಅದಕ್ಕೊಂದು ಪ್ರೋಗ್ರಾಂ ಇದೆ. ಯಾರಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಪರದೆಯ ಮೇಲೆ ಸಣ್ಣ ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರೆ ಸದ್ದು ಒಂದರಿಂದ ಒಂದಕ್ಕೆ ಹರಿದು, ಬದಲಾಗುತ್ತ ಹೊರಗೆ ಬರುತ್ತದೆ. ಅವ್ವ ಬೀಸುಕಲ್ಲಿನ ಮುಂದೆ ಹಾಡಿದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಅದರಿಂದ ಅವನೊಂದು ಕಟ್ಟಿದ್ದ. ಪ್ರತಿ ಸಲ ಬೇರೆಯಾಗಿ ಕೇಳಿಸುತ್ತದೆಂದು, ಹಾಗೆ ಕಟ್ಟಿದ್ದನ್ನು ರೆಕಾರ್ಡ್ ಮಾಡಿರಲಿಲ್ಲ. ಕರಜಗಿಯಲ್ಲಿ ಅವ್ವನಿರುವ ಮನೆಯಲ್ಲಿ ಒಂದೇ ಸಲ ಹಚ್ಚಿದ. ನಾನಿರಲಿಲ್ಲ, ಅವ್ವ ಹೇಳಿದಳು.

“ಮನಿ ತುಂಬ ಹೆಂಗಸರು ಕುಂತು ನನ್ನ ಜೋಡಿ ಹಾಡಿದಂಗ ಆತು ನೋಡು. ಇನ್ನೊಮ್ಮಿ ಹಚ್ಚೋ ಅಂದ್ರ, ತಡಿ ಬೇ, ಎಲ್ಲಾ ಗಂಟು ಕಟ್ಟಿ ನಿನ್ನ ಫೋನಿಗೇ ಹಾಕ್ತೇನಿ ಅಂದ.”

ಆ ಗಂಟನ್ನು ನಾನು ಕಟ್ಟಿ ಕೊಡುತ್ತೇನೆಂದು ಮಣ್ಣಾದ ವಾರದಲ್ಲೇ ಅವ್ವನಿಗೆ ಮಾತು ಕೊಟ್ಟೆ. ಅಫಜಲಪುರದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು ಬಿಟ್ಟರೆ ನನಗೆ ಹೆಚ್ಚು ಬರುವುದಿಲ್ಲ. ಜೇವರ್ಗಿಯಲ್ಲಿ ಅವನ ಗೆಳೆಯನೊಬ್ಬನಿದ್ದ. ಹಾಡೂ ಚೌಕಗಳೂ ಇದ್ದ ಕಡತದ ಒಂದು ಪ್ರತಿ ಅವನ ಬಳಿ ಉಳಿದಿತ್ತು. ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗತೊಡಗಿದೆ.

ಮೊದಲ ದಿನ ಕಡತ ತೆರೆದಾಗ ಹನ್ನೆರಡು ಚೌಕಗಳ ಅಂಚಿನ ಗೆರೆ ತುಂಡುತುಂಡಾಗಿತ್ತು, ಸದ್ದು ಬರಲಿಲ್ಲ.

“ಪ್ರೋಗ್ರಾಂ ಒಂದ ಸಾಲಂಗಿಲ್ರಿ ಅಣ್ಣಾರ,” ಎಂದ ಗೆಳೆಯ. “ಒಂದೊಂದು ಚೌಕದ ಕೆಲಸಕ್ಕ ಮಂದಿ ಬರದಿಟ್ಟ ಕೋಡ್ ಇರ್ತಾವ, ಲೈಬ್ರರಿ ಅಂತಾರ. ಅವನ್ನೂ ಹುಡುಕಿ ಸಂಗಡ ಕಟ್ಟಬೇಕು. ಇಲ್ಲಂದ್ರ ಈ ಚೌಕ ಬರೇ ಹೆಸರಿಗೆ.”

ಒಂದೊಂದನ್ನೇ ಹುಡುಕಿದೆವು. ಕೆಲವು ಹಳೆಯವು, ಹೊಸ ಪ್ರೋಗ್ರಾಮಿಗೆ ಹೊಂದುತ್ತಿರಲಿಲ್ಲ. ಅವನ್ನು ತಿದ್ದಿ ಕಟ್ಟಲು ಎರಡೆರಡು ವಾರ ಹಿಡಿಯಿತು. ಒಂದು ಸಿಕ್ಕಾಗ ಒಂದು ಚೌಕದ ಅಂಚು ಕೂಡಿಕೊಳ್ಳುತ್ತಿತ್ತು. ಅಷ್ಟಕ್ಕೇ ನನಗೆ ಆ ವಾರ ಊಟ ರುಚಿಸುತ್ತಿತ್ತು.

ಹನ್ನೊಂದು ಕೂಡಿದವು. ಹನ್ನೆರಡನೆಯದು ಎಲ್ಲೂ ಇರಲಿಲ್ಲ. ಒಂದು ದನಿಯನ್ನು ಹಲವು ದನಿ ಮಾಡುವ ಚೌಕ ಅದೇ.

“ಇದು ಅವ ತನ್ನ ಕೈಲೆ ಬರದದ್ದು, ಬ್ಯಾರೆಲ್ಲೂ ಸಿಗಂಗಿಲ್ಲ,” ಎಂದ ಗೆಳೆಯ. “ಹಿಂದೊಮ್ಮಿ ಡಿಸ್ಕ್ ಕೆಟ್ಟು ಎಲ್ಲಾ ಕಳಕೊಂಡಿದ್ದ. ಆಮ್ಯಾಲೆ ಇದನ್ನ ಉಗುರಿನಷ್ಟು ಸಣ್ಣ ಮೆಮೊರಿ ಕಾರ್ಡಿನಾಗ ಹಾಕಿ, ಕೊರಳಾಗಿನ ಲಿಂಗದ ಕರಡಿಗ್ಯಾಗ ಇಟ್ಕೊಂಡಿದ್ದ. ಲಿಂಗದ ಜೋಡಿ ಇದೇನಲೇ ಅಂತ ಬೈದಿದ್ದೆ. ಕೊರಳಾಗಿಂದು ಎಂದೂ ತಗಿಯಾಂಗಿಲ್ಲಲ್ಲ, ಕಳೀತದ ಅನ್ನೋ ಅಂಜಿಕಿಲ್ಲ ಅಂತ ನಕ್ಕ. ಆ ಕರಡಿಗಿ ಮನ್ಯಾಗ ಅದ ಇಲ್ರಿ?”

ಬೆಳ್ಳಿಯ ಕರಡಿಗೆ ಮನೆಯಲ್ಲಿದೆ. ಖಾಲಿ ಇದೆ. ಅದನ್ನು ತೆರೆದವನು ನಾನೇ. ನಮ್ಮ ಹೊಲದಲ್ಲಿ ಕುಣಿಯೊಳಗೆ ಅವನನ್ನು ಕೂರಿಸಿದ ಮೇಲೆ, ಅಯ್ಯನವರು ಹೇಳಿದಂತೆ ಲಿಂಗವನ್ನು ಅದರ ಬಟ್ಟೆಯ ಸಮೇತ ತೆಗೆದು ಅವನ ಎಡಗೈಯಲ್ಲಿಟ್ಟೆ. ಬಟ್ಟೆಯ ಮಡಿಕೆಯಲ್ಲಿ ಏನೋ ಗಟ್ಟಿಯಾದದ್ದು ಬೆರಳಿಗೆ ತಾಗಿತ್ತು. ವಿಭೂತಿಯ ಚೂರು ಎಂದುಕೊಂಡೆ. ಅವನ ಬೆರಳುಗಳನ್ನು ಅದರ ಮೇಲೆ ಮಡಚಿದೆ. ಮೇಲೆ ಉಪ್ಪು, ವಿಭೂತಿ, ಮಣ್ಣು.

ಮಣ್ಣು ಮಾಡಿದವರನ್ನು ಮತ್ತೆ ಅಗೆಯುವ ಮಾತು ನಮ್ಮಲ್ಲಿಲ್ಲ. ಗೆಳೆಯನಿಗೆ, “ನೋಡ್ತೇನಿ,” ಎಂದೆ.

ಗಂಟಿನಲ್ಲಿ ಏನಿದೆ, ಏನಿಲ್ಲ ಎಂಬ ಪಟ್ಟಿ ಇಡಬೇಕಂತೆ. ಮುಂದಿನ ಭಾನುವಾರ ಹನ್ನೆರಡನೆಯದರ ಮುಂದೆ ಏನು ಬರೆಯಲೆಂದು ಅವನು ಕೇಳಿದ. “ಸಿಕ್ಕಿಲ್ಲ ಅಂತ ಬರಿ,” ಎಂದೆ. ಆ ಚೌಕವನ್ನು ಬಿಟ್ಟು ಗೆರೆಯನ್ನು ನೇರ ಮುಂದಿನದಕ್ಕೆ ಜೋಡಿಸಿ ಫೋನಿಗೆ ಹಾಕಿಕೊಟ್ಟ.

ಕರಜಗಿಯಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಫೋನನ್ನು ಕಿವಿಗೆ ಹಿಡಿದಳು. ಅದರೊಳಗೆ ಬೀಸುಕಲ್ಲು ತಿರುಗಿತು, ಹಾಡು ಬಂತು, ಮುಗಿಯಿತು. ಮತ್ತೆ ಹಚ್ಚಿಸಿದಳು. ಅಷ್ಟೇ ಬಂತು.

“ಇದರಾಗ ನಾ ಒಬ್ಬಾಕೇ ಅದೇನಿ,” ಎಂದಳು. “ಉಳದವರೆಲ್ಲೋ?”

ಬಾಗಿಲಿನಿಂದ ನಮ್ಮ ಹೊಲ ಕಾಣುತ್ತದೆ. ನಾನು ಫೋನನ್ನೇ ನೋಡುತ್ತ ಕುಳಿತೆ.

“ಅವರು ಬರಂಗಿಲ್ಲ ಯವ್ವ.”

ಅವ್ವ ಮೊರ ಎತ್ತಿಕೊಂಡಳು.